ಕೆಪು ಹುಡುಕಿ ಬಂದ ಪಕ್ಕೆ

ನನ್ನ ತಮ್ಮ ಮೊಸೆಸೆಯ ಕಿಡ್ನಿ ಎರಡೂ ಕೈಕೊಟ್ಟಾಗ ನಮ್ಮ ಟೋಂಗಾ ದ್ವೀಪದಲ್ಲಿ ರಕ್ತ ತೊಳೆಯುವ ಯಂತ್ರವೇ ಇರಲಿಲ್ಲ. ಆಕ್ಲೆಂಡಿಗೆ ಹೋಗಿ ಬೇರೆ ಕಿಡ್ನಿ ಹಾಕಿಸಬೇಕು, ಇಲ್ಲವೇ ಗುಂಡಿ ತೋಡಿಸಬೇಕು. ಹೊಂದಿದ್ದು ನನ್ನ ಕಿಡ್ನಿಯೇ. ಮೊಸೆಸೆ ಒಪ್ಪಲಿಲ್ಲ. ನಮ್ಮಲ್ಲಿ ಮೀಸೆ ಬಂದ ತಮ್ಮ ಅಕ್ಕನಿರುವ ಕೋಣೆಗೆ ಕಾಲಿಡುವುದಿಲ್ಲ, ಅವಳ ಹೊದಿಕೆ ಮುಟ್ಟುವುದಿಲ್ಲ. ಬಾಗಿಲಾಚೆ ನಿಂತೇ ಅತ್ತ.

"ಅಕ್ಕ, ನಿಮ್ಮ ಚಾಪೆ ಮೇಲೆ ಕೂತವನಲ್ಲ ನಾನು. ನಿಮ್ಮ ಮೈಯನ್ನೇ ಹೆಂಗೆ ಹೊತ್ಕೊಳ್ಲಿ?"

"ಬಾಯಿ ಮುಚ್ಚೋ. ನಮ್ಮಪ್ಪನ ಮನೇಲಿ ದೊಡ್ಡೋಳ ಮಾತೇ ಕೊನೆ. ನನಗೆ ಎರಡಿದಾವೆ, ಒಂದೊಂದೂ ಹಂದಿಮರಿಯಷ್ಟಿದಾವೆ."

ವಿಮಾನ ಎಷ್ಟು ಎತ್ತರ ಹೋಯಿತೆಂದರೆ ದೇವರ ಅಂಗಾಲು ಕಂಡಿತು, ಒಡೆದಿತ್ತು, ಪಾಪ. ಆಸ್ಪತ್ರೆಯಲ್ಲಿ ಗೆಣಸು ಅಗೆಯುವ ಕೋಲಿನಷ್ಟು ದಪ್ಪದ ಸೂಜಿ ಚುಚ್ಚಿ ಮಲಗಿಸಿದರು. ಎದ್ದಾಗ ಎಡಪಕ್ಕೆ ಹಗುರಾಗಿತ್ತು. ತಮ್ಮ ಮೂತ್ರ ಮಾಡಿದನೆಂದು ಕೇಳಿ ನೆಂಟರೆಲ್ಲ ಆಸ್ಪತ್ರೆಯ ಮುಂದೆ ಸ್ತುತಿಗೀತೆ ಹಾಡಿದರು.

ಆಮೇಲೆ ಅವನೂ ಹೆಂಡತಿ ಲೂಪೆಯೂ ನೆಂಟರ ಮನೆಯ ಹಿಂದಿನ ಕೋಣೆಯಲ್ಲಿ ಉಳಿದರು. ಅಕ್ಕ ತಮ್ಮ ಒಂದೇ ಸೂರಿನಡಿ ಮಲಗಬಾರದಲ್ಲ, ನಾನು ಗ್ಯಾರೇಜಿನಲ್ಲಿ, ಕಾರಿನ ಪಕ್ಕ.

ನನ್ನ ಗಂಡ ಕೆಪು ಮೀನಿಗೆ ಹೋದವನು ಸಮುದ್ರದಲ್ಲೇ ಉಳಿದ. ಸತ್ತ ಮೇಲೂ ಊರಿನಲ್ಲಿ ದಿನಾ ಸಂಜೆ ಉಪ್ಪುನೀರಿನಿಂದ ನನ್ನ ಹಾಸಿಗೆ ಒದ್ದೆ ಮಾಡಲು ಬರುತ್ತಿದ್ದ. ಬದುಕಿದ್ದಾಗಿನ ಹಾಗೆಯೇ ಎಡಪಕ್ಕೆಗೆ ಅಂಟಿಕೊಂಡು ಮಲಗುತ್ತಿದ್ದ. ಗ್ಯಾರೇಜಿಗೆ ಮಾತ್ರ ಬರಲಿಲ್ಲ. ಟಿಕೆಟ್ ಸಿಗಲಿಲ್ಲವೇನೋ ಅಂದುಕೊಂಡೆ.

ಒಂದು ಸಂಜೆ ಲೂಪೆ ಬಂದಳು. ಮುಖ ಬೆಂದ ಕೆಸುವಿನ ಗೆಡ್ಡೆಯ ಬಣ್ಣವಾಗಿತ್ತು.

"ಅತ್ತಿಗೆ, ಅವರು ಮಾತ್ರೆ ನುಂಗ್ತಿಲ್ಲ. ನಾಲಿಗೆ ಕೆಳಗಿಟ್ಕೊಂಡು ಆಮೇಲೆ ಉಗೀತಾರೆ."

"ಮಾತ್ರೆ ಬಿಟ್ರೆ ಮೈ ನನ್ನ ಕಿಡ್ನೀನ ಆಚೆ ದಬ್ಬುತ್ತೆ, ಇವನು ಸಾಯ್ತಾನೆ. ಡಾಕ್ಟ್ರು ಹೇಳ್ಲಿಲ್ವಾ?"

"ದಬ್ಬಲಿ ಅಂತಾನೇ ಉಗಿಯೋದು. ಸಂಜೆ ಆದ್ರೆ ಹಾಸಿಗೆ ಒದ್ದೆ, ಸಮುದ್ರದ ವಾಸನೆ. ಇವರ ಹೊಲಿಗೆ ಹಾಕಿದ ಜಾಗಕ್ಕೆ ಯಾರೋ ಅಂಟ್ಕೊಂಡು, 'ಫೂಸಿ, ಒಂಚೂರು ಜರುಗೇ' ಅಂತಾರಂತೆ."

ಫೂಸಿ ಅಂದರೆ ನಾನು. ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ಮರದ ತೊಗಟೆ ಬಡಿದು ಮಾಡಿದ ನಮ್ಮೂರ ಬಟ್ಟೆ ಹಿಡಿದು ಮನೆಯೊಳಗೇ ನಡೆದೆ. ಮೊಸೆಸೆ ಕಿಟಕಿಯಿಂದ ಹಾರುವವನಂತೆ ಎದ್ದ. ಲೂಪೆ ಆ ಬಟ್ಟೆಯನ್ನು ಕೋಣೆಗೆ ಅಡ್ಡ ಕಟ್ಟಿದಳು. ಈಚೆ ಚಾಪೆ ಹಾಸಿ ಮಲಗಿದೆ.

"ಅಕ್ಕ, ಇದು ತಪ್ಪು. ಅಪ್ಪ ನೋಡ್ತಿರ್ತಾರೆ."

"ನೋಡ್ಲಿ ಬಿಡು. ಸತ್ತೋರಿಗೆ ಬೇರೆ ಕೆಲಸ ಏನಿದೆ. ನಿನ್ನ ಭಾವನಿಗೆ ದಾರಿ ತಪ್ಪಿದೆ, ಅಷ್ಟೇ. ನಾನಿಲ್ಲಿದ್ರೆ ನನ್ನ ಹತ್ರ ಬರ್ತಾನೆ. ಮಾತ್ರೆ ನುಂಗು."

"ಮೊದ್ಲು ಅವರು ಹೋಗ್ಲಿ."

ಬೆಳಕು ಇಳಿಯಿತು. ಬಟ್ಟೆಯಾಚೆ ನೀರು ತೊಟ್ಟಿಕ್ಕುವ ಸದ್ದು. ಮೊಸೆಸೆಯ ಹಲ್ಲು ಕಟಕಟ ಅನ್ನುತ್ತಿತ್ತು.

"ಕೆಪು," ಅಂದೆ ಮೆಲ್ಲಗೆ. "ಅದು ಗಂಡಸು ಕಣಯ್ಯಾ, ಮೀಸೆ ಕಾಣಲ್ವಾ? ಈಚೆ ಬಾ."

ಬಟ್ಟೆ ಉಬ್ಬಿತು. ಅದರ ಅಂಚು ನೆಂದು ಕಪ್ಪಾಯಿತು. ನೀರು ನನ್ನ ಚಾಪೆಯವರೆಗೆ ಬಂತು.

"ಹೋದ್ರಾ, ಅಕ್ಕ?"

ತಣ್ಣನೆಯ ಕೈಯೊಂದು ನನ್ನ ಎಡಪಕ್ಕೆ ಸವರಿ, ಗಾಯದ ಮೇಲೆ ನಿಂತಿತು. ಒತ್ತಿತು. ಇಟ್ಟ ಜಾಗದಲ್ಲಿ ಇಟ್ಟದ್ದು ಸಿಗದವರ ಹಾಗೆ ಮತ್ತೆ ಮತ್ತೆ ತಡಕಿತು. ಆಮೇಲೆ ನಿಧಾನಕ್ಕೆ ಬಟ್ಟೆಯ ಕಡೆ ತಿರುಗಿತು.

ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

"ಹೋದ," ಅಂದೆ. "ನುಂಗು."

ಆಚೆ ಲೋಟದ ನೀರು ಗಟಗಟ ಇಳಿಯಿತು.

ನಾನಿನ್ನೂ ಊರಿಗೆ ಹೋಗಿಲ್ಲ. ದಿನಾ ಸಂಜೆ ಆ ಬಟ್ಟೆಯ ಈಚೆ ಮಲಗುತ್ತೇನೆ. ಕೈ ಬಿಟ್ಟರೆ ಕೆಪು ಆಚೆ ಹೋಗುತ್ತಾನೆ.