ಬಲತುದಿಯ ಪಟ್ಟಿಗಳು

ಗೆಜ್ಜೆಯ ಸದ್ದು ಜಾಸ್ತಿಯಾಯಿತು ಎಂದು ಹಂಸಭಾವಿಯ ಹೂವಪ್ಪ ಫೋನ್ ಮಾಡಿದಾಗ ಚನ್ನೇಶನಿಗೆ ಮೊದಲು ಬಂದದ್ದು ಸಿಟ್ಟು. ಹೆದರಿಕೆ ಬಂದದ್ದು ಆಮೇಲೆ.

"ಪದ ಭಾಳ ಚಲೋ ಬಂದೈತಿ ಚನ್ನೇಶಣ್ಣ. ಆದ್ರ ಗೆಜ್ಜಿ ಯಾಕ ಅಷ್ಟು ಜೋರು ಇಟ್ಟೀರಿ? ನಮ್ಮ ಮೇಳದ ಹುಡುಗರು ಕಿವಿ ಮುಚ್ಕೊಂಡ್ರು ನೋಡ್ರಿ" ಎಂದಿದ್ದ ಹೂವಪ್ಪ. ಅವನು ಅಲ್ಲಿನ ಭಜನೆ ಮೇಳದ ಮುಖ್ಯಸ್ಥ.

ಜೋರಂತೆ ಜೋರು. ಗೆಜ್ಜೆ ಕೇಳಿಸುತ್ತಲೇ ಇಲ್ಲವಲ್ಲ ಎಂದು ಮತ್ತೆ ಮತ್ತೆ ಏರಿಸಿದವನು ಇವನೇ. ಇನ್ನೊಂದು ದಿನವಾಗಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದ. ಇವತ್ತು ಹೂಂ ಹೂಂ ಎಂದು ಫೋನಿಟ್ಟು ಪಡಸಾಲೆಯ ಮೂಲೆಯ ಟೇಬಲ್ಲಿಗೆ ಬಂದು ಕೂತ.

ಹಾನಗಲ್ಲಿನ ಆ ಮನೆಯ ಪಡಸಾಲೆಯೇ ಅವನ ಸ್ಟುಡಿಯೋ. ಒಂದು ಲ್ಯಾಪ್‌ಟಾಪು, ಎರಡು ಸ್ಪೀಕರು, ಎದುರಿಗೆ ಮಿಡಿ ಕೀಬೋರ್ಡು. ನೋಡುವುದಕ್ಕೆ ಹಾರ್ಮೋನಿಯಂ ಪೆಟ್ಟಿಗೆಯ ಹಾಗೆ ಬಿಳಿ ಕರಿ ಪಟ್ಟಿಗಳೇ. ಆದರೆ ಈ ಕೀಬೋರ್ಡು ಪುಣ್ಯಾತ್ಮನಿಗೆ ತನ್ನದೆಂಬ ದನಿಯೇ ಇಲ್ಲ. ಪಟ್ಟಿ ಒತ್ತಿದರೆ ವೈರಿನಲ್ಲಿ ಸುದ್ದಿ ಹೋಗಿ ಲ್ಯಾಪ್‌ಟಾಪು ಹಾಡಬೇಕು. ಯಾವ ಪಟ್ಟಿಗೆ ಯಾವ ದನಿ ಎಂದು ಹಚ್ಚುವುದು ನುಡಿಸುವವನ ಕೈಯಲ್ಲಿ. ಚನ್ನೇಶ ಎಡಗಡೆಗೆ ತಬಲಾದ ಡಗ್ಗಾ, ನಡುವೆ ಪೆಟ್ಟಿಗೆಯ ಸ್ವರ, ಬಲತುದಿಯ ಪಟ್ಟಿಗಳಿಗೆ ಗೆಜ್ಜೆ ಹಚ್ಚಿಕೊಂಡಿದ್ದ. ಸುತ್ತಿನ ಭಜನೆ ಮೇಳಗಳ ಪದಗಳಿಗೆಲ್ಲ ಸಂಗೀತ ಕೂಡಿಸಿಕೊಡುವವನು ಅವನೇ.

ಬಲತುದಿಯ ಪಟ್ಟಿ ಒತ್ತಿದ. ಪ್ಲಾಸ್ಟಿಕ್ಕಿನ ಟಕ್ ಎಂಬ ಸದ್ದು ಕೇಳಿಸಿತು. ಗೆಜ್ಜೆ ಇಲ್ಲ. ಪಕ್ಕದ್ದು ಒತ್ತಿದ. ಅದೂ ಟಕ್, ಅಷ್ಟೇ. ಆದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ, ದನಿ ಹೊರಡುತ್ತಿರುವುದನ್ನು ತೋರಿಸುವ ಹಸಿರು ಗೆರೆ ಎದ್ದು ಎದ್ದು ಇಳಿಯಿತು. ಅವನ ಎದೆ ಧಸಕ್ಕೆಂದಿತು.

ಹೆದರಿಕೆಯ ಕಾರಣ ಅದೇ ಪಡಸಾಲೆಯಲ್ಲಿ, ಕಂಬಕ್ಕೆ ಒರಗಿ ಕೂತಿತ್ತು. ಅವನ ಅಪ್ಪ ಶಂಕ್ರಪ್ಪ. ಒಂದು ಕಾಲಕ್ಕೆ ಪೇಟೆಯಲ್ಲಿ ಭತ್ತದ ವ್ಯಾಪಾರ ಮಾಡುತ್ತ, ಆಚೆ ಅಂಗಡಿಯ ಪಿಸುಮಾತನ್ನೂ ಹಿಡಿಯುತ್ತಿದ್ದ ಮನುಷ್ಯ. ಮೊದಲು ಗಂಟೆ, ಗೆಜ್ಜೆಯಂಥ ಸಣ್ಣ ದನಿಗಳು ಕೇಳಿಸದಾದವು; ಈಗ ಕಿವಿ ಪೂರ್ತಿ ಹೋಗಿದೆ. ಕಿವಿಗೆ ಮಶೀನು ತಂದುಕೊಟ್ಟರೆ, ತಲೆಯೊಳಗೆ ಸಂತೆ ನೆರೆದಂಗೆ ಆಗುತ್ತದೆ ಎಂದು ಡಬ್ಬಿಗೆ ಹಾಕಿಟ್ಟ. ಮೊದಮೊದಲು ಮನೆಯವರು ಕೂಗಿ ಹೇಳುತ್ತಿದ್ದರು. ಕೂಗಿ ಕೂಗಿ ಸಾಕಾಯಿತು. ಎಲ್ಲರೂ ನಕ್ಕ ಮೇಲೆ ಶಂಕ್ರಪ್ಪನೂ ತಡವಾಗಿ ನಕ್ಕು, "ಏನಂದ್ರಿ?" ಎಂದು ಕೇಳುತ್ತಾನೆ. "ಏನಿಲ್ಲ ಬಿಡಪ್ಪ" ಎಂದು ಕೈಯಾಡಿಸುವುದನ್ನು ಮನೆಗೆ ಕಲಿಸಿದವನು ಚನ್ನೇಶನೇ. ಈಗ ಮಗಳು ಪೂಜಾ ಕೂಡ "ಏನಿಲ್ಲ ಬಿಡಜ್ಜ" ಅನ್ನುತ್ತಾಳೆ. ಊಟಕ್ಕೆ ಎಬ್ಬಿಸುವುದಕ್ಕೆ ತೋಳು ಮುಟ್ಟಿದರೆ ಸಾಕು.

ನಾಳೆ ತನ್ನನ್ನೂ ಆ ಕಂಬದ ಬಳಿ ಕೂರಿಸಿಬಿಡುತ್ತಾರೆ ಎಂದು ಚನ್ನೇಶನಿಗೆ ಹೊಳೆಯಿತು. ಈ ಕೀಬೋರ್ಡು ಬರುವ ಮೊದಲು ವರ್ಷಗಟ್ಟಲೆ ಮೈಕ್‌ಸೆಟ್ಟಿನ ಧಂದೆ ಮಾಡಿದವನು ಅವನು. ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎನ್ನದೆ ಮೆರವಣಿಗೆಯ ಟ್ರ್ಯಾಕ್ಟರಿನಲ್ಲಿ ಗುಡುಗುವ ಆಳೆತ್ತರದ ಸ್ಪೀಕರ್ ಬಾಕ್ಸುಗಳಿಗೆ ತಲೆಕೊಟ್ಟು ನಿದ್ದೆ ಹೊಡೆದವನು. ಹಾಗೆ ಮಲಗುವುದೇ ಒಂದು ಗತ್ತಾಗಿತ್ತು. ಬುದ್ಧಿ ಎಲ್ಲಿಗೆ ಹೋಗಿತ್ತೋ ಏನೋ. ಕೆಟ್ಟಿದ್ದು ಪಟ್ಟಿಯೇ ಇರಲಿ ಶಿವನೇ, ನನ್ನ ಕಿವಿ ಬೇಡ, ಎಂದು ಮನಸ್ಸಿನಲ್ಲೇ ಅಂಗಲಾಚಿದ.

"ನೀಲಾ, ಇಲ್ಲಿ ಬಾ ಒಂದೀಟು."

ಹೆಂಡತಿ ನೀಲಾಂಬಿಕಾ ಹಿಟ್ಟಿನ ಕೈಯಲ್ಲೇ ಬಂದಳು.

"ಇದನ್ನ ಒತ್ತತೇನಿ. ಏನರ ಕೇಳಸ್ತೈತೇನು ಹೇಳು."

ಒತ್ತಿದ. ಅವಳು ಸ್ಪೀಕರಿನ ಕಡೆ ನೋಡಲಿಲ್ಲ, ಅವನ ಮುಖವನ್ನೇ ನೋಡಿದಳು.

"ಇಲ್ರೀ. ನನಗೂ ಏನೂ ಕೇಳಸವಲ್ದು. ಪಟ್ಟಿನ ಕೆಟ್ಟಿರಬೇಕು ತಗೋರಿ."

"ಖರೇನ?"

"ಖರೇನ ರೀ. ಒಲಿ ಮ್ಯಾಲ ರೊಟ್ಟಿ ಐತಿ, ಹೋಗ್ತೇನಿ."

ಹೋದ ಜೀವ ತಿರುಗಿ ಬಂದಂತಾಯಿತು. ಆ ಸಂತೋಷದಲ್ಲೇ ಸವಣೂರಿನ ಬಂದೇಸಾಬನಿಗೆ ಫೋನ್ ಹಚ್ಚಿದ. ಕೀಬೋರ್ಡು ರಿಪೇರಿ ಮಾಡುವವನು, ಹಳೆಯ ಗೆಳೆಯ, ಇದನ್ನು ಕೊಡಿಸಿದವನೂ ಅವನೇ.

"ಎಂಥಾ ಡಬ್ಬಾ ಕೊಡಿಸೀದಿಪಾ ನನಗ? ಬಲಗಡಿ ಪಟ್ಟಿ ಒಂದೂ ಮಾತಾಡವಲ್ದು" ಎಂದು ನಗುತ್ತಲೇ ಬೈದ.

"ಒತ್ತಿದಾಗ ಹಸರ ಗೆರಿ ಏಳ್ತೈತೇನಣ್ಣ?"

"ಏಳ್ತೈತಿ."

"ಹಂಗಾರ ಪಟ್ಟಿ ಕೆಟ್ಟಿಲ್ರಿ. ಅಲ್ಲೀತನಕ ಬಂದೈತಿ ಅಂದ್ರ ಆವಾಜ ಹೊರಗ ಬರಾಕಬೇಕು. ಸ್ಪೀಕರ್ ನೋಡ್ರಿ."

ಸ್ಪೀಕರಿಗೇನು ಧಾಡಿ. ಡಗ್ಗಾ ಗುಮ್ಮೆಂದಿತು, ನಡುವಿನ ಸ್ವರಗಳು ಸರಾಗವಾಗಿ ಬಂದವು. ಕೈ ಬಲಕ್ಕೆ ಸರಿದು ಗೆಜ್ಜೆಗೆ ಮುಟ್ಟಿದ್ದೇ ಮತ್ತೆ ಬರೀ ಟಕ್. ಆದರೆ ನೀಲಾಗೂ ಕೇಳಿಸಲಿಲ್ಲವಲ್ಲ, ಅವಳ ಕಿವಿಗೇನಾಗಿದೆ? ಆ ಒಂದು ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡ.

ಒಳಗೆ ರೊಟ್ಟಿ ಬಡಿಯುವ ಸದ್ದು ಪಟಪಟ ನಡೆದಿತ್ತು. ಅಡುಗೆಮನೆಯ ಬಾಗಿಲಲ್ಲಿ ನೀಲಾಂಬಿಕಾಳ ಬೆನ್ನು ಕಾಣುತ್ತಿತ್ತು. ಚನ್ನೇಶ ವಾಲ್ಯೂಮ್ ಪೂರಾ ಏರಿಸಿ ಪಟ್ಟಿ ಒತ್ತಿದ.

ರೊಟ್ಟಿಯ ಸದ್ದು ನಿಂತಿತು.

ಬೆರಳು ತೆಗೆದ. ಸ್ವಲ್ಪ ಹೊತ್ತಿಗೆ ಪಟಪಟ ಮತ್ತೆ ಶುರುವಾಯಿತು. ಹಿಟ್ಟು ಉದುರಿಸಲು ನಿಲ್ಲಿಸಿರಬೇಕು ಎಂದುಕೊಂಡ. ಬೇಡ ಬೇಡವೆಂದು ಮನಸ್ಸು ಹೇಳುತ್ತಿದ್ದರೂ ಇನ್ನೊಮ್ಮೆ ಒತ್ತಿದ. ಮತ್ತೆ ನಿಂತಿತು. ಈ ಸಲ ಅವಳ ಭುಜಗಳು ಕಿವಿಯವರೆಗೆ ಮುದುಡಿಕೊಂಡವು. ಅಂಗಳದಲ್ಲಿ ಓದುತ್ತ ಕೂತಿದ್ದ ಪೂಜಾ ಎರಡೂ ಕಿವಿ ಮುಚ್ಚಿಕೊಂಡು ಎದ್ದಳು. ಮನೆಯಲ್ಲಿ ಆ ಸದ್ದಿಗೆ ಅಲುಗದೆ ಉಳಿದವರು ಅವನು ಮತ್ತು ಅವನ ಅಪ್ಪ.

ಪೂಜಾ ನೆಟ್ಟಗೆ ಅಡುಗೆಮನೆಗೆ ಹೋಗಿ ಅವ್ವನಿಗೆ ಏನೋ ಹೇಳಿದಳು. ತುಟಿ ಅಲುಗಿದ್ದು ಕಂಡಿತು. ಅವರೇ ಪಿಸುಗುಟ್ಟಿದರೋ, ಮಾತು ತನಗೆ ಮುಟ್ಟಲಿಲ್ಲವೋ, ಚನ್ನೇಶನಿಗೆ ತಿಳಿಯಲಿಲ್ಲ. ತಿಳಿಯದೆ ಇದ್ದದ್ದಕ್ಕೇ ಜೀವ ಹಾರಿಹೋಯಿತು.

"ಏನಂದ್ರಿ ಇಬ್ಬರೂ?" ಎಂದು ಕೂಗಿದ. ಅವನ ದನಿ ಅಪ್ಪನ ದನಿಯಂತೆಯೇ ಇತ್ತು.

ನೀಲಾಂಬಿಕಾ ಸೆರಗಿನಿಂದ ಕಣ್ಣು ಒರೆಸಿಕೊಂಡು ಇತ್ತ ತಿರುಗಿದಳು.

"ಏನಿಲ್ಲ ಬಿಡ್ರಿ" ಎಂದಳು, ಅವನಿಗೆ ಕೇಳಿಸಲಿ ಎಂದು ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ.