ಕೆಳಗಿನ ಮಾಡೆಲ್ಲಿನ ಬ್ರೇಕು

ಚಕ್ರ ಜಪ್ಪಯ್ಯ ಅಂದರೂ ಕೂರಲಿಲ್ಲ. ರಾಜೀವನಗರದ ತನ್ನ ಟೈರು ಅಂಗಡಿಯ ಮುಂದೆ ಮಹದೇವು ಅದನ್ನು ಎತ್ತಿ, ತೂತುಗಳ ನೇರಕ್ಕೆ ತಂದು, ಮೊಣಕಾಲಿನಿಂದ ಒತ್ತಿ ನೋಡಿದ. ಒಳಗೆ ಬ್ರೇಕಿಗೆ ಕಟಕ್ಕೆಂದು ಬಡಿದು ನಿಂತುಬಿಟ್ಟಿತು.

"ಆಗಾಕಿಲ್ಲ ಅಮ್ಮಾವ್ರೆ. ನಿಮ್ಮ ಬ್ರೇಕು ದೊಡ್ಡದು, ಈ ಚಕ್ರ ಚಿಕ್ಕದು. ಬ್ರೇಕಿನ ಮೂಲೇನ ಒಂದು ನೂಲು ಗ್ರೈಂಡ್ ಮಾಡ್ಬುಟ್ರೆ ಅಂಗೇ ಕೂತ್ಕತದೆ. ಎಷ್ಟೋ ಗಾಡಿಗೆ ಮಾಡಿವ್ನಿ."

ಅಲಮೇಲು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಸವೆಸಿದ ಬ್ರೇಕಲ್ಲಿ ಚಾಮುಂಡಿ ಬೆಟ್ಟ ಇಳಿಯೋಕೆ ನಂಗೇನು ತಲೆ ಕೆಟ್ಟಿದ್ಯಾ ಮಹದೇವು? ಅದೂ ಅಲ್ದೆ, ಕಂಪನಿಯೋರು ಅವತ್ತೇ ವಾರಂಟಿಗೆ ಎಳ್ಳುನೀರು ಬಿಡ್ತಾರೆ."

ಅವರ ಮನೆಯಲ್ಲಿ ಗಾಡಿ ಓಡಿಸುವವರು ಅಲಮೇಲು. ಗಂಡ ವಾಗೀಶರಿಗೆ ಸೈಕಲ್ಲೂ ನೆಟ್ಟಗೆ ಬಾರದು. ಕಾಲೇಜಿನ ಕೆಲಸದಿಂದ ನಿವೃತ್ತಿಯಾದ ಮೇಲೆ ಕಾಡುಮೇಡು ಸುತ್ತಬೇಕೆಂದು ನಾಲ್ಕೂ ಚಕ್ರಕ್ಕೆ ಎಳೆತವಿರುವ ಈ ಎತ್ತರದ ಗಾಡಿಯನ್ನು ಆಕೆಯೇ ಆರಿಸಿದ್ದರು. ಆರಿಸಿದ್ದು ಕೆಳಗಿನ ಮಾಡೆಲ್. ಆದರೆ ವಾಗೀಶರು ಪಂಚಾಂಗ ಬಿಚ್ಚಿ ಕೂತರು. ಅರಮನೆಗೆ ಮುಹೂರ್ತ ಇಟ್ಟುಕೊಟ್ಟ ವಂಶ, ಗಾಡಿಯನ್ನು ಯಾವುದೋ ಒಂದು ದಿನ ಮನೆಗೆ ತರುವುದುಂಟೇ? ವಿಜಯದಶಮಿಗೇ ಬರಬೇಕು. ಆ ದಿನಕ್ಕೆ ಷೋರೂಮಿನಲ್ಲಿ ಇದ್ದದ್ದು ಟಾಪ್ ಮಾಡೆಲ್ ಒಂದೇ, ಅದೇ ಬಂತು. ಫಳಫಳ ಹೊಳೆಯುವ ದೊಡ್ಡ ಚಕ್ರ, ಅದರ ಸುತ್ತ ಕೋಡುಬಳೆಯಷ್ಟು ಟೈರು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ.

ಸಂಕ್ರಾಂತಿ ಕಳೆದು ಅಲಮೇಲು ಅವರ ಬೆನ್ನುಮೂಳೆಗೆ ಆಪರೇಷನ್ ಆಯಿತು. ಗಾಡಿ ಓಡಿಸಬಹುದು, ಕುಲುಕಾಟ ಮಾತ್ರ ಬೇಡ ಎಂದರು ಡಾಕ್ಟರು. ಆದರೆ ಆ ತೆಳು ಟೈರು ರಸ್ತೆಯ ಒಂದೊಂದು ಗುಂಡಿಯನ್ನೂ ಎತ್ತಿ ನೇರ ಬೆನ್ನಿಗೇ ಕೊಡುತ್ತಿತ್ತು. ಒಮ್ಮೆ ನಂಜನಗೂಡಿಗೆ ಹೋಗಿಬಂದು ಮಂಚ ಬಿಟ್ಟೇಳಲಾಗಲಿಲ್ಲ. ವಾಗೀಶರು ಸುಮ್ಮನೆ ಹೋಗಿ ಒಬ್ಬ ಡ್ರೈವರನ್ನು ಗೊತ್ತುಮಾಡಿಕೊಂಡು ಬಂದರು. ಅಲಮೇಲು ಅವರಿಗೆ ಆಪರೇಷನ್ನಿಗಿಂತ ಹೆಚ್ಚು ನೋವು ಕೊಟ್ಟದ್ದು ಅದು. ಚಿಕ್ಕ ಚಕ್ರಕ್ಕೆ ದಪ್ಪ ಟೈರು ಹಾಕಿದರೆ ಕುಲುಕನ್ನೆಲ್ಲ ಅದೇ ನುಂಗಿಕೊಳ್ಳುತ್ತೆ ಎಂದು ಓದಿ ಇಲ್ಲಿಗೆ ಬಂದಿದ್ದರು. ಇದಾಗದಿದ್ದರೆ ಗಾಡಿಯ ಕೀ ಇನ್ನೊಬ್ಬರ ಕೈಗೆ.

"ಆಗಲ್ಲ ಅಂತಿದಾನಲ್ಲ, ಬಿಡೇ," ಎಂದರು ಬೆಂಚಿನ ಮೇಲೆ ಕೂತಿದ್ದ ವಾಗೀಶರು. "ಡ್ರೈವರ್ ಚನ್ನಬಸವಯ್ಯ ಒಂದನೇ ತಾರೀಕಿಂದ ಬರ್ತೀನಿ ಅಂದಿದಾರೆ. ನೀನು ಹಿಂದಿನ ಸೀಟಲ್ಲಿ ಆರಾಮಾಗಿ ಕೂತ್ಕೋ."

ಅಲಮೇಲು ಗಂಡನ ಕಡೆ ತಿರುಗಲೂ ಇಲ್ಲ. "ಮಹದೇವು, ಈ ಚಕ್ರ ಯಾವ ಗಾಡೀದು?"

"ನಿಮ್ಮಂಥದ್ದೇ ಗಾಡೀದು, ಕೆಳಗಿನ ಮಾಡೆಲ್ದು. ಯಾರೋ ಶೋಕಿಗೆ ದೊಡ್ಡದು ಆಕುಸ್ಕಂಡು ಇದನ್ನ ಬುಟ್ಟೋದ್ರು."

"ಆ ಗಾಡೀಲಿ ಹೇಗಪ್ಪ ಕೂತಿತ್ತು?"

"ಅದ್ರ ಬ್ರೇಕೂ ಚಿಕ್ಕದಲ್ವರಾ," ಎಂದ ಮಹದೇವು. ಹೇಳಿದ ಮೇಲೆ ಅಲಮೇಲು ಅವರ ಮುಖ ನೋಡಿ, ಚಕ್ರವನ್ನು ಮೆಲ್ಲಗೆ ಕೆಳಗಿಟ್ಟ.

ಮಧ್ಯಾಹ್ನವೇ ಗಂಡ ಹೆಂಡತಿ ಹೂಟಗಳ್ಳಿಯಲ್ಲಿದ್ದ ಕಂಪನಿ ವರ್ಕ್‌ಶಾಪಿನಲ್ಲಿ ಹಾಜರು. ಗಿರಾಕಿಗಳನ್ನು ವಿಚಾರಿಸಿಕೊಳ್ಳುವ ಶಿಲ್ಪಶ್ರೀ ಎಂಬ ಹುಡುಗಿ ಮಾತು ಅರ್ಧ ಕೇಳುತ್ತಲೇ ತಲೆಯಾಡಿಸಿದಳು. "ಬ್ರೇಕ್ ಮುಟ್ಟಿದ್ರೆ ವಾರಂಟಿ ಹೋಗುತ್ತೆ ಮೇಡಂ."

"ಹೊರಗಿನೋರು ಮುಟ್ಟಿದ್ರೆ ಹೋಗುತ್ತೆ ಕಣಮ್ಮ. ಸಾಮಾನು ನಿಮ್ಮ ಕಂಪನೀದು, ಹಾಕೋ ಕೈ ನಿಮ್ದು, ಬಿಲ್ಲು ನಿಮ್ದು. ಕೆಳಗಿನ ಮಾಡೆಲ್ಲಿಗೆ ಹಾಕಿ ನೀವೇ ಮಾರ್ತಿರೋ ಬ್ರೇಕು. ಅದನ್ನೇ ನನ್ನ ಗಾಡಿಗೂ ಹಾಕಿ ಅಂತಿದೀನಿ. ಹೋಗುತ್ತೆ ಅಂತ ಎಲ್ಲಿ ಬರೆದಿದೆ, ತೋರ್ಸು."

ಶಿಲ್ಪಶ್ರೀ ತೋರಿಸಲು ಹೊರಟು ಕಂಪ್ಯೂಟರಿನಲ್ಲಿ ಬಹಳ ಹೊತ್ತು ಹುಡುಕಿದಳು. ಹುಡುಕುತ್ತ ಹುಡುಕುತ್ತ ಅವಳಿಗೇ ಕುತೂಹಲ ಹತ್ತಿತು. ಎರಡು ಮಾಡೆಲ್ಲಿನ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. "ಇಂಜಿನ್ ಒಂದೇ, ತೂಕಾನೂ ಹೆಚ್ಚುಕಮ್ಮಿ ಒಂದೇ. ಆದ್ರೆ ಅರ್ಧಂಬರ್ಧ ಮಾಡೋ ಹಾಗಿಲ್ಲ ಮೇಡಂ. ಡಿಸ್ಕು, ಅದನ್ನ ಕಚ್ಚಿ ಹಿಡಿಯೋ ಕ್ಯಾಲಿಪರ್ರು, ಪ್ಯಾಡು, ಎಲ್ಲಾನೂ ನಾಲ್ಕೂ ಚಕ್ರಕ್ಕೆ ಬದಲಾಯಿಸ್ಬೇಕು. ಕಂಪನಿ ಹೂಂ ಅಂದ್ರೆ ಮಾತ್ರ. ಬರೆದು ಕೇಳ್ತೀನಿ."

"ಕೇಳು. ಅವರು ಕೊಡೋ ಉತ್ತರಾನೂ ಬರೆದೇ ಕೊಡ್ಲಿ."

ಹೊರಗೆ ಬಂದ ಮೇಲೆ ವಾಗೀಶರು ತಡೆಯಲಾರದೆ ಹೇಳಿದರು. "ಟಾಪ್ ಮಾಡೆಲ್ಲಿನ ಬ್ರೇಕು ಬಿಚ್ಚಿಸಿ ಕೆಳಗಿನದ್ದು ಹಾಕಿಸಿದ್ರು ಅಂದ್ರೆ ಜನ ನಗ್ತಾರೆ ಕಣೇ."

"ನಗ್ಲಿ ಬಿಡಿ. ಬೆನ್ನು ಅವರದ್ದಲ್ಲವಲ್ಲ."

ವಾಗೀಶರು ಗಾಡಿಯ ಬಾಗಿಲು ಹಿಡಿದು ನಿಂತರು, ಹತ್ತಲಿಲ್ಲ. "ನಗೋದು ಹಾಗಿರ್ಲಿ. ನಂಗೆ ಭಯ. ಆಸ್ಪತ್ರೇಲಿ ನೀನು ಕಾಲು ಅಲ್ಲಾಡಿಸೋ ತನಕ ನನ್ನ ಜೀವ ಜೀವದಲ್ಲಿರ್ಲಿಲ್ಲ. ಆ ಮುಹೂರ್ತ ನೋಡದೇ ಇದ್ದಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ."

ಅಲಮೇಲು ಅವರಿಗೆ ಜಗಳದ ಮಾತು ಸಿದ್ಧವಾಗಿತ್ತು, ನುಂಗಿಕೊಂಡರು. "ನಂಗೂ ಭಯ ಇದೆ ರೀ. ಆದ್ರೆ ಹಿಂದಿನ ಸೀಟಲ್ಲಿ ಕೂತು ಬೇರೆಯೋರ ಕತ್ತು ನೋಡ್ಕೊಂಡು ಹೋಗೋದಿದೆಯಲ್ಲ, ಅದು ನೆನೆಸ್ಕೊಂಡ್ರೆ ಇನ್ನೂ ಭಯ ಆಗುತ್ತೆ."

ತಿಂಗಳು ಮುಗಿಯುತ್ತ ಬಂದಾಗ ಶಿಲ್ಪಶ್ರೀಯ ಫೋನು ಬಂತು. "ಒಪ್ಪಿದಾರೆ ಮೇಡಂ. ಎಲ್ಲಾ ಹೊಸ ಸಾಮಾನು, ನಮ್ಮಲ್ಲೇ ಫಿಟ್ಟಿಂಗು. ವಾರಂಟಿ ಹಾಗೇ ಇರುತ್ತೆ ಅಂತ ಬರೆದೇ ಕಳ್ಸಿದಾರೆ." ತನ್ನದೇ ಗಾಡಿ ಅನ್ನುವಷ್ಟು ಸಂತೋಷ ಆ ದನಿಯಲ್ಲಿ.

ವರ್ಕ್‌ಶಾಪಿನಲ್ಲಿ ಬ್ರೇಕು ಬದಲಾದ ಮೇಲೆ, ಮಹದೇವು ಅಂಗಡಿಯಿಂದ ತಂದ ಚಿಕ್ಕ ಚಕ್ರ ಈ ಸಲ ಕೂತಿತು. ಶಿಲ್ಪಶ್ರೀ ಕೈಯಿಂದಲೇ ಒಂದು ಸುತ್ತು ತಿರುಗಿಸಿದಳು, ಎಲ್ಲೂ ತಾಗದೆ ತಿರುಗಿತು. ಹೊಸ ಪ್ಯಾಡು, ಮೊದಲು ಖಾಲಿ ರಸ್ತೆಯಲ್ಲಿ ಮೆತ್ತಗೆ ಒತ್ತಿ ಒತ್ತಿ ಹದಕ್ಕೆ ತನ್ನಿ ಎಂದು ಹೇಳಿ ಕೀ ಕೊಟ್ಟಳು. ಇಲವಾಲದ ತನಕ ಹೋಗಿ ಬಂದುಬಿಡೋಣ ಎಂದುಕೊಂಡು ಇಬ್ಬರೂ ಹುಣಸೂರು ರಸ್ತೆ ಹಿಡಿದರು.

ಮೊದಲ ಹಂಪು ಬಂದಾಗ ವಾಗೀಶರು ರಸ್ತೆ ನೋಡಲಿಲ್ಲ, ಹೆಂಡತಿಯ ಮುಖ ನೋಡಿದರು. ಗಾಡಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಿತು. ಒಂದಷ್ಟು ದೂರ ಹೋದಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಹಿಂದುಮುಂದು ನೋಡದೆ ಅಡ್ಡರಸ್ತೆಯಿಂದ ನುಗ್ಗಿಬಂತು. ಅಲಮೇಲು ಕಾಲು ಒತ್ತಿದರು. ಗಾಡಿ ಅತ್ತಿತ್ತ ಜಗ್ಗದೆ, ಟ್ರ್ಯಾಕ್ಟರಿಗೂ ತನಗೂ ಇನ್ನೊಂದು ಕಾರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿತು. ಬೈಯಬೇಕೆಂದು ಗಾಜು ಇಳಿಸಿದ ಅಲಮೇಲು ಬೈಯದೆ ನಕ್ಕುಬಿಟ್ಟರು.

"ಬೆನ್ನು ಹೇಗಿದೆ?" ಎಂದರು ವಾಗೀಶರು.

"ಬೆನ್ನೊಂದಿದೆ ಅನ್ನೋದೇ ಮರೆತಿದ್ದೆ. ನೀವು ನೆನಪಿಸಿದ್ರಿ."

ಆಗಲೇ ವಾಗೀಶರ ಫೋನು ಬಡಿದುಕೊಂಡಿತು. ಅತ್ತ ಕಡೆ ಚನ್ನಬಸವಯ್ಯ, ನಾಳೆಯಿಂದ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳುತ್ತಿದ್ದರು. ವಾಗೀಶರು ಒಮ್ಮೆ ಗಂಟಲು ಸರಿಮಾಡಿಕೊಂಡರು.

"ಬೇಜಾರು ಮಾಡ್ಕೋಬೇಡಿ, ನಾನೇ ಮೊದ್ಲು ಫೋನ್ ಮಾಡ್ಬೇಕಿತ್ತು. ನಮ್ಮನೇಲೇ ಡ್ರೈವರ್ ಇದಾರೆ."

ಅಲಮೇಲು ಕನ್ನಡಕದ ಕೆಳಗೆ ಬೆರಳಿಟ್ಟು ಒಮ್ಮೆ ಒರೆಸಿಕೊಂಡು ಗೇರು ಹಾಕಿದರು. ಹಿಂದಿರುಗಬೇಕೆಂದಿದ್ದ ಇಲವಾಲದ ಸರ್ಕಲ್ಲು ಬಂತು, ಹೋಯಿತು. ಎಲ್ಲಿಗೆ ಎಂದು ವಾಗೀಶರು ಕೇಳಲಿಲ್ಲ. ಸೀಟನ್ನು ಹಿಂದಕ್ಕೆ ಸರಿಸಿ, ಚಪ್ಪಲಿ ಬಿಚ್ಚಿ, ಊಟದ ಮಣೆಯ ಮೇಲೆ ಕೂತವರ ಹಾಗೆ ಚಕ್ಕಂಬಕ್ಕಳ ಹಾಕಿ ಕೂತರು.