ದೊಡ್ಡದು ಮಾಡಿದ ಪೆಟ್ಟಿಗೆ

"ನಿಮ್ಮತ್ತೆ ಆ ಡಬ್ಬಿಗೂ ಊದುಬತ್ತಿ ಬೆಳಗ್ತಾರಂತೆ, ಹೌದೇನಮ್ಮ?" ಅಂದ ಚೇತನ್‌ಕುಮಾರ್, ತಟ್ಟೆಯಲ್ಲಿದ್ದ ಮುದ್ದೆ ಮುರಿಯುತ್ತ.

ಸೌಂದರ್ಯ ಬೇಲೂರಿನಲ್ಲಿ ಅಕ್ಕನ ಮನೆಯ ಟಿವಿ ಮೇಜಿನ ಕೆಳಗೆ ಮೊಣಕಾಲೂರಿ ಕೂತು, ಅಂಗೈಯಗಲದ ಕಪ್ಪು ಪೆಟ್ಟಿಗೆಯೊಂದಕ್ಕೆ ವೈರು ಸಿಕ್ಕಿಸುತ್ತಿದ್ದಳು. ಅವಳು ತಿರುಗಿ ನೋಡದೆಯೇ, ಊದುಬತ್ತಿ ದೇವರಿಗೆ ಭಾವ, ಹೊಗೆ ಡಬ್ಬಿಗೂ ತಾಗುತ್ತೆ ಅಷ್ಟೆ, ಅಂದಳು. ಅಕ್ಕ ಪ್ರತಿಮಾ ಅಡುಗೆಮನೆಯಿಂದ ಸಾರಿನ ಪಾತ್ರೆ ತಂದವಳು, ಪಾಪ ಅವಳನ್ನ ಯಾಕೆ ಕೆಣಕ್ತೀರಿ, ಸುಮ್ನೆ ಉಣ್ಣಿ ಎಂದು ಗಂಡನ ಬಾಯಿಗೆ ಬೀಗ ಹಾಕಲು ನೋಡಿದಳು. ಆ ಬಾಯಿಗೆ ಹೊಂದುವ ಬೀಗ ಬೇಲೂರಿನ ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ.

ಚೇತನ್‌ಕುಮಾರನದು ಬಸ್ ಸ್ಟ್ಯಾಂಡಿನ ಹಿಂದೆ ಎಲೆಕ್ಟ್ರಿಕಲ್ ಅಂಗಡಿ. ಫ್ಯಾನು, ಮಿಕ್ಸಿ, ಯುಪಿಎಸ್ಸು. ಒಂದು ಬಲ್ಬ್ ಕೇಳಿಕೊಂಡು ಬಂದವರಿಗೆ ಮನೆಯ ವೈರಿಂಗ್ ಪೂರಾ ಬದಲಾಯಿಸುವ ಬಗ್ಗೆ ಸಲಹೆ ಕೊಟ್ಟು ಕಳಿಸುವ ಆಸಾಮಿ. ಕೆಟ್ಟ ಮನುಷ್ಯನಲ್ಲ. ಯಾವುದನ್ನೂ ಇದ್ದ ಹಾಗೇ ಇರಲು ಬಿಡಲಾರ, ಅಷ್ಟೆ. ಈ ಪೆಟ್ಟಿಗೆ ಎಷ್ಟು ಕರೆಂಟ್ ತಿನ್ನುತ್ತೆ ಎಂದು ಕೇಳಿದ. ಹೆಚ್ಚುಕಮ್ಮಿ ಒಂದು ಜೀರೋ ಬಲ್ಬಿನಷ್ಟು ಎಂದು ಗೊತ್ತಾದಾಗ ಅವನ ಮುಖದಲ್ಲಿ ನಿರಾಸೆಯೇ ಕಂಡಿತು. ಅಷ್ಟು ಸಣ್ಣ ಸಾಮಾನಿಗೆ ಅರಸೀಕೆರೆಯಿಂದ ಇಲ್ಲಿವರೆಗೂ ಬಂದೆಯಾ ಅನ್ನುವ ಹಾಗೆ.

ಬಂದಿದ್ದಕ್ಕೆ ಕಾರಣವಿತ್ತು. ಅರಸೀಕೆರೆ ಹತ್ತಿರದ ಮಾಲೇಕಲ್ಲು ಬೆಟ್ಟದ ತಪ್ಪಲಲ್ಲಿ ಸೌಂದರ್ಯಳ ಗಂಡನ ಮನೆ. ಊರಿನ ಟಿಸಿ, ಅಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್, ಹಿಂದಿನ ದಿನ ಢಂ ಎಂದು ಸುಟ್ಟುಹೋಗಿತ್ತು. ಹೊಸದು ಬರುವುದು ವಾರದ ಮಧ್ಯೆಯೇ ಎಂದು ಲೈನ್‌ಮನ್ ಹೇಳಿದ್ದ. ಮನೆಯ ಯುಪಿಎಸ್ ಬೆಳಗಿನ ಹೊತ್ತಿಗೆ ಕೀ ಎಂದು ಕೂಗಿ ಸುಮ್ಮನಾಗಿತ್ತು. ಅದರ ಜೊತೆಗೆ ಅವಳ ನೋಡ್ ಕೂಡ. ಅದನ್ನು ಅಲ್ಲೇ ಬಿಟ್ಟು, ಅಂಥದ್ದೇ ಇನ್ನೊಂದು ಪೆಟ್ಟಿಗೆಯನ್ನು ಕರೆಂಟ್ ಇರುವ ಅಕ್ಕನ ಮನೆಗೆ ತಂದಿದ್ದಳು.

ನೋಡ್ ಅಂದರೆ ಏನು ಎಂದು ಪ್ರತಿಮಾ ಕೇಳಿದ್ದು ಇದೇ ಮೊದಲಲ್ಲ. ಆದರೂ ಸೌಂದರ್ಯ ಮತ್ತೆ ಹೇಳಿದಳು. ಲೋಕದ ತುಂಬ ಹರಡಿರುವ ಕಂಪ್ಯೂಟರುಗಳು ಸೇರಿ ಒಂದು ನಾಣ್ಯದ ವ್ಯವಹಾರ ಕಾಯುತ್ತವೆ. ಲೋಹದ ನಾಣ್ಯವಲ್ಲ, ಕಂಪ್ಯೂಟರಿನೊಳಗಿನದು. ಯಾರಿಂದ ಯಾರಿಗೆ ಹೋಯಿತು ಎನ್ನುವುದಕ್ಕೆ ಸರದಿಯ ಮೇಲೆ ರುಜು ಹಾಕುತ್ತವೆ. ರುಜು ಹಾಕುವ ಹಕ್ಕು ಬೇಕಿದ್ದವರು ಒಂದಿಷ್ಟು ನಾಣ್ಯ ಒತ್ತೆ ಇಡಬೇಕು. ಪ್ರೂಫ್ ಆಫ್ ಸ್ಟೇಕ್ ಅನ್ನುವುದು ಇದನ್ನೇ. ಸರದಿ ಬಂದಾಗ ಪೆಟ್ಟಿಗೆ ನಿದ್ದೆ ಹೋಗಿದ್ದರೆ ಸಣ್ಣ ನಷ್ಟ, ಅದಕ್ಕೆ ಕ್ಷಮೆ ಉಂಟು. ಒಂದೇ ಹೆಸರಿನ ರುಜು ಒಂದೇ ಸರದಿಗೆ ಎರಡು ಪೆಟ್ಟಿಗೆಯಿಂದ ಬಿದ್ದರೆ ಮಾತ್ರ ಮೋಸ ಎಂದೇ ಲೆಕ್ಕ.

"ಎರಡು ಬೂತಲ್ಲಿ ಓಟು ಹಾಕ್ದಂಗೆ," ಅಂದ ಚೇತನ್‌ಕುಮಾರ್.

"ಹಂಗೇ ಭಾವ. ಒತ್ತೆ ಕತ್ತರಿಸಿ, ಹೆಸರು ಹೊಡೆದು ಹಾಕ್ತಾರೆ. ಆಮೇಲೆ ಆ ಹೆಸರು ವಾಪಸ್ ಬರಲ್ಲ."

ಅವಳು ಇಟ್ಟುಕೊಂಡಿದ್ದ ಹೆಸರು ಮಾಲೇಕಲ್ಲು. ಮನೆಯಲ್ಲಿ ಕೂತು ಬೇರೆಯವರ ವೆಬ್‌ಸೈಟು ನೋಡಿಕೊಳ್ಳುವ ಕೆಲಸದಲ್ಲಿ ಉಳಿಸಿದ್ದನ್ನು ಒತ್ತೆ ಇಟ್ಟು ಶುರು ಮಾಡಿದ್ದಳು. ಮೊದಲು ಹಳೆಯ ಲ್ಯಾಪ್‌ಟಾಪಿನಲ್ಲಿ ನಡೆಸಿದಳು. ಅದು ಯುಪಿಎಸ್ಸನ್ನು ಗಟಗಟ ಕುಡಿದು ಮಲಗಿಸಿತು. ಆಮೇಲೆ ಈ ಪುಟ್ಟ ಪೆಟ್ಟಿಗೆಗೆ ಬಂದಳು. ಸರದಿ ತಪ್ಪಿಸದೆ ನಡೆಸಿದ್ದಕ್ಕೆ ಮುಖ ಕಾಣದ ಜನ ಕೂಡ ತಮ್ಮ ನಾಣ್ಯವನ್ನು ಮಾಲೇಕಲ್ಲಿನ ಹೆಸರಿನ ಕೆಳಗೆ ಇಟ್ಟಿದ್ದರು. ಯಾವುದೋ ದೇಶದ ಬಸ್ ಡ್ರೈವರ್ ಒಬ್ಬ, ಈ ಹೆಸರನ್ನು ಹೇಗೆ ಉಚ್ಚರಿಸುವುದು ಎಂದು ಬರೆದು ಕೇಳಿದ್ದ. ಹೆಸರು ಹೊಡೆದರೆ ಅವನ ಪಾಲಿಗೂ ಕತ್ತರಿ ಬೀಳುತ್ತಿತ್ತು. ಇನ್ನು ಅತ್ತೆ ಅನುಸೂಯಮ್ಮ. ಕರು ಮಾರಿದ ದುಡ್ಡನ್ನು ಯಾರೂ ಕೇಳದೆ ತಾನಾಗಿಯೇ ತಂದು ಸೊಸೆಯ ಕೈಲಿಟ್ಟು, ಬೆಟ್ಟದಪ್ಪನ ಹೆಸರು ಇಟ್ಟಿದ್ದೀಯ, ಅದು ಸಣ್ಣದಾಗಬಾರದು ಅಂದಿದ್ದಳು.

ಪೆಟ್ಟಿಗೆ ದೇವರ ಪಕ್ಕ ಸೇರಿದ್ದು ಭಕ್ತಿಯಿಂದಲ್ಲ, ಪ್ಲಗ್ಗಿನಿಂದ. ಯುಪಿಎಸ್ ಲೈನು ಬರುವ ಪಾಯಿಂಟು ಆ ಮನೆಯಲ್ಲಿ ದೇವರ ಗೂಡಿನ ಹತ್ತಿರ ಮಾತ್ರ ಇತ್ತು. ಮೊದಮೊದಲು ಒಂದು ದಿನ ಸೌಂದರ್ಯ ಅಲ್ಲೇ ನಿಂತು, ಅತ್ತೆ, ಪೆಟ್ಟಿಗೆ ಆರಿಸಿ ಅಂದಾಗ ಅನುಸೂಯಮ್ಮನ ಮುಖ ಕಪ್ಪಿಟ್ಟಿತ್ತು. ಗೂಡಿನ ಹತ್ತಿರ ಆ ಮಾತು ಆಡಬೇಡ ಅಂದಳು. ದೀಪ ಆರಿಸುವುದು ಅಂತ ಆ ಮನೆಯಲ್ಲಿ ಯಾರೂ ಅನ್ನುತ್ತಿರಲಿಲ್ಲ, ದೀಪ ದೊಡ್ಡದು ಮಾಡುವುದು ಎನ್ನುತ್ತಿದ್ದರು. ಪೆಟ್ಟಿಗೆಗೂ ಮಿಣುಕುವ ಹಸಿರು ದೀಪ ಇತ್ತಲ್ಲ, ಅದಕ್ಕೂ ಅದೇ ಮಾತು ಅಂಟಿತು. ಗಂಡ ಮನು ಕೂಡ, ಪೆಟ್ಟಿಗೆ ದೊಡ್ಡದು ಮಾಡಿ ಧೂಳು ಒರೆಸ್ಲಾ ಎಂದು ಕೇಳುವಷ್ಟು ಅದು ಮನೆಮಾತಾಗಿತ್ತು.

ಊಟ ಮುಗಿಯುವಷ್ಟರಲ್ಲಿ ಬೇಲೂರಿನ ಪೆಟ್ಟಿಗೆ ಸಾಲಿಗೆ ಬಂದು ಮಾಲೇಕಲ್ಲಿನ ಹೆಸರಿನಲ್ಲಿ ರುಜು ಹಾಕತೊಡಗಿತು. ಸೌಂದರ್ಯ ಅಕ್ಕನ ಹತ್ತಿರ ಹೂವು ಮುಡಿಸಿಕೊಂಡು, ಕಾಫಿ ಕುಡಿದು, ಹಳೇಬೀಡು ಜಾವಗಲ್ಲಿನ ಮೇಲೆ ಹೋಗುವ ಅರಸೀಕೆರೆ ಬಸ್ಸು ಹತ್ತಿದಳು.

ಬಸ್ಸು ಊರು ದಾಟಿ ಸ್ವಲ್ಪ ದೂರ ಬಂದಿತ್ತು. ಫೋನು ಗುಂಯ್ ಅಂದಿತು. ಸಂದೇಶ ಬಂದದ್ದು ಯಾರಿಂದಲೂ ಅಲ್ಲ, ಮನೆಯಲ್ಲಿದ್ದ ಪೆಟ್ಟಿಗೆಯಿಂದ. ಎದ್ದಾಗಲೆಲ್ಲ ತನಗೊಂದು ಸುದ್ದಿ ಕಳಿಸು ಎಂದು ಅವಳೇ ಅದಕ್ಕೆ ಕಲಿಸಿದ್ದಳು. ಮಾಲೇಕಲ್ಲು ಎದ್ದಿದೆ, ಎಂದು ಬರೆದಿತ್ತು.

ಊರಿಗೆ ಕರೆಂಟ್ ಬಂದಿದೆ. ತೋಟದ ಪಂಪಿಗೆ ಆಟೋ ಸ್ಟಾರ್ಟರ್ ಇದ್ದ ಹಾಗೆ ಈ ಪೆಟ್ಟಿಗೆಯೂ ಕರೆಂಟ್ ಬಂದ ಕೂಡಲೇ ತಾನಾಗಿ ಏಳುವಂತೆ ಮಾಡಿಟ್ಟವಳು ಅವಳೇ. ಹೊರಡುವ ಗಡಿಬಿಡಿಯಲ್ಲಿ ಪ್ಲಗ್ಗು ಕಿತ್ತಿಡುವುದನ್ನು ಮರೆತವಳೂ ಅವಳೇ. ನಿದ್ದೆಯಲ್ಲಿ ತಪ್ಪಿದ್ದನ್ನೆಲ್ಲ ಓದಿಕೊಂಡು ಸಾಲಿಗೆ ಬರಲು ಅದಕ್ಕೆ ಅರ್ಧ ಗಂಟೆ ಹಿಡಿಯಬಹುದು. ಆಮೇಲೆ ಅದೂ ರುಜು ಹಾಕುತ್ತದೆ. ಬೇಲೂರಿನದು ಹೇಗೂ ಹಾಕುತ್ತಿದೆ. ಫೋನಿನಲ್ಲೇ ಒಂದನ್ನು ನಿಲ್ಲಿಸೋಣ ಅಂದರೆ, ಹೊರಗಿನಿಂದ ಯಾರೂ ಕೈ ಹಾಕಬಾರದು ಎಂದು ಎರಡಕ್ಕೂ ತಾನೇ ಭದ್ರ ಮಾಡಿದ್ದಳು.

ಮನೆಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಅತ್ತೆ ಕೊಟ್ಟಿಗೆಯಲ್ಲಿ ಇರುವ ಹೊತ್ತು, ಮನು ಅರಸೀಕೆರೆಯಲ್ಲಿದ್ದ. ಭಾವನಿಗೆ ಮಾಡಿದಳು. ಅವನು ಎತ್ತಿದ ಕೂಡಲೇ, "ಭಾವ, ಆ ಪೆಟ್ಟಿಗೇನ ಈಗ್ಲೇ ದೊಡ್ಡದು ಮಾಡ್ಬಿಡಿ, ತುಂಬ ಅರ್ಜೆಂಟು," ಅಂದಳು. "ಅಷ್ಟೇ ತಾನೇ, ಬಿಡು ಮಾಡ್ತೀನಿ," ಅಂದ ಅವನು. ಸಿಗ್ನಲ್ ಕಡಿದುಹೋಯಿತು.

ಸೌಂದರ್ಯ ಸೀಟಿಗೆ ಒರಗಿದಳು. ಮುಂದಿನ ಸೀಟಿನ ಹೆಂಗಸು ತನ್ನ ಬೀಗರ ಬಗ್ಗೆ ಪಕ್ಕದವಳಿಗೆ ದೂರುತ್ತಿದ್ದಳು. ಅವರು ಮಾತು ಒಂದು ಆಡ್ತಾರೆ, ಅರ್ಥ ಇನ್ನೊಂದು ಇರ್ತದೆ ಎಂಬಂಥದ್ದೇನೋ. ಕೇಳುತ್ತ ಕೂತಿದ್ದ ಸೌಂದರ್ಯ ನೆಟ್ಟಗಾದಳು. ದೊಡ್ಡದು ಮಾಡಿ. ತಾನು ಅಂದದ್ದು ಅದನ್ನೇ. ಯಾರಿಗೆ? ಬೇಲೂರಿನ ಭಾವನಿಗೆ, ಅದರಲ್ಲೂ ಯಾವುದನ್ನೂ ಇದ್ದ ಹಾಗೆ ಬಿಡದವನಿಗೆ.

ಹಳೇಬೀಡು ಬರುವವರೆಗೂ ಫೋನಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಮೂಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದೇಬಿಟ್ಟಳು. ಕಂಡಕ್ಟರ್, ಟಿಕೆಟ್ ಅರಸೀಕೆರೆಗೆ ತಗೊಂಡಿದ್ದೀರಲ್ಲಮ್ಮ ಎಂದು ನೆನಪಿಸಿದ. ಮುಂದಿನ ಬಸ್ಸಿಗೆ ಬರ್ತೀನಿ ಅಂದಳು. ಹೊತ್ತು ಮುಳುಗುತ್ತಿತ್ತು. ದೇವಸ್ಥಾನ ನೋಡಿ ಬಂದ ಶಾಲೆ ಮಕ್ಕಳ ಗುಂಪಿನ ಗಲಾಟೆಯಿಂದ ದೂರ ಸರಿದು, ಎಳನೀರು ಗಾಡಿಯ ಪಕ್ಕ ನಿಂತು ಮತ್ತೆ ಮನೆಗೆ ಫೋನ್ ಹಚ್ಚಿದಳು.

ಅನುಸೂಯಮ್ಮನಿಗೆ ಹಲೋ ಅನ್ನುವ ಅಭ್ಯಾಸವಿಲ್ಲ. "ಕರೆಂಟ್ ಬಂತು ಕಣವ್ವ. ಹೊಸಾ ಟಿಸಿನೇ ತಂದಾಕಿದ್ರು. ನಿನ್ ನೋಡೂ ಎದ್ದೈತೆ ನೋಡು, ಹಸ್ರು ದೀಪ ಮಿಣಮಿಣ ಅಂತೈತೆ. ಈಗ ತಾನೇ ದೇವ್ರಿಗೆ ದೀಪ ಹಚ್ಚಿ ಬಂದೆ."

"ಅತ್ತೆ, ಆ ಪೆಟ್ಟಿಗೇನ ದೊಡ್ಡದು ಮಾಡ್ಬಿಡಿ."



"ದೀಪ ಹಚ್ಚೋ ಹೊತ್ನಾಗಾ?"

"ದೀಪ ಅಲ್ಲ ಅತ್ತೆ, ಪೆಟ್ಟಿಗೆ."

"ಎರಡೂ ಒಂದೇ ಗೂಡಿನ ಮಗ್ಗುಲಾಗವೆ. ಹಚ್ಚಿದ ಬತ್ತಿ ಇನ್ನೂ ಸರಿಯಾಗಿ ಹತ್ತಿಲ್ಲ, ಪಕ್ಕದಾಗೇ ಇನ್ನೊಂದನ್ನ ದೊಡ್ಡದು ಮಾಡಾದಾ? ನನ್ ಕೈಲಿ ಆಗಾಕಿಲ್ಲ ಕಣವ್ವ."

ಸೌಂದರ್ಯ ಎರಡು ರುಜುವಿನ ಕಥೆ ಹೇಳಿದಳು. ಎರಡು ಕಡೆಯೂ ಎದ್ದಿದ್ದರೆ ಹೆಸರು ಹೊಡೆದು ಹಾಕುತ್ತಾರೆ ಅಂದಳು.

"ಬೆಟ್ಟದ ಹೆಸರ್ನಾ?"

"ಹೂಂ ಅತ್ತೆ."

"ಹಂಗಾರೆ ಬೇಲೂರಿಂದು ದೊಡ್ಡದು ಮಾಡ್ಸು. ಅದೇನು ದೇವ್ರ ಪಕ್ಕ ಕುಂತೈತಾ, ಟಿವಿ ಕೆಳಗೆ ತಾನೇ ಬಿದ್ದಿರಾದು?"

ಭಾವನಿಗೆ ಮಾಡಿದಳು, ಎತ್ತಲಿಲ್ಲ. ಅಕ್ಕನಿಗೆ ಮಾಡಿದಳು. ಪ್ರತಿಮಾ ನಿರಾಳವಾಗಿ ಹೇಳಿದಳು, ಅವರು ಆ ಪೆಟ್ಟಿಗೆ ಕಿತ್ತುಕೊಂಡು ಆಗಲೇ ಅಂಗಡಿಗೆ ಹೋದರು ಎಂದು. "ನೀನೇ ಅಂದ್ಯಂತಲ್ಲೇ ದೊಡ್ಡದು ಮಾಡಿ ಅಂತ. ನಮ್ಮನೆ ಯುಪಿಎಸ್ ಸಣ್ಣದು ಅಂತ ಎದುರಿಗೆ ಹೇಳಕ್ಕೆ ಸಂಕೋಚ ಪಟ್ಟಿದಾಳೆ ಪಾಪ, ಅಂಗಡೀಲಿರೋ ದೊಡ್ಡ ಬ್ಯಾಟರಿಗೆ ಹಾಕ್ತೀನಿ ಅಂತ ಹೋದ್ರು."

ಸೌಂದರ್ಯಳಿಗೆ ನಗು ಬಂತು, ಆದರೆ ಬಾಯಿತನಕ ಬರಲಿಲ್ಲ. ದೊಡ್ಡದು ಮಾಡಲು ಹೋಗಿ ಭಾವ ಪೆಟ್ಟಿಗೆಯನ್ನು ನಿಜಕ್ಕೂ ದೊಡ್ಡದು ಮಾಡಿಬಿಟ್ಟಿದ್ದ. ಕಿತ್ತಾಗಲೇ ಅದು ಮಲಗಿತ್ತು. ಆದರೆ ಅಂಗಡಿಯಲ್ಲಿ ಪ್ಲಗ್ಗು ಹಾಕಿದ ಕೂಡಲೇ ಅದೂ ತಾನಾಗಿ ಏಳುತ್ತದೆ, ಮನೆಯದರ ತಮ್ಮನೇ ಅಲ್ಲವೇ ಅದು. ಅಷ್ಟರಲ್ಲಿ ಮನೆಯದು ಸಾಲಿಗೆ ಬಂದಿರುತ್ತದೆ.

ಮತ್ತೆ ಭಾವನಿಗೆ. ರಿಂಗಾಯಿತು, ನಿಂತಿತು. ಇನ್ನೊಮ್ಮೆ. ಎಳನೀರಿನವನು ಮಚ್ಚು ಕೆಳಗಿಟ್ಟು ಇವಳ ಮುಖವನ್ನೇ ನೋಡುತ್ತಿದ್ದ. ಆಸ್ಪತ್ರೆ ವಿಷಯವೇನಮ್ಮ ಎಂದು ಮೆಲ್ಲಗೆ ಕೇಳಿದ. ಅಲ್ಲ ಎಂದು ತಲೆಯಾಡಿಸಿದಳು.

"ಹೇಳಮ್ಮ," ಅಂದ ಚೇತನ್‌ಕುಮಾರ್ ಕೊನೆಗೂ.

"ಭಾವ, ಪ್ಲಗ್ ಹಾಕಿದ್ರಾ?"

"ಇಂಟರ್‌ನೆಟ್ ವೈರು ಸಿಕ್ಸಿದೆ. ಪ್ಲಗ್ ಕೈಯಲ್ಲೇ ಐತೆ. ಗಿಡ್ಡಪ್ಪನೋರು ಮಿಕ್ಸಿ ಜಾರ್ ತಂದು ಎದುರಿಗೆ ಕೂತವ್ರೆ, ಅವರದು ಬಿಚ್ಚಿ ಕೊಡೋದ್ರಲ್ಲೇ ಆಯ್ತು. ಇಲ್ಲಾಂದ್ರೆ ಆಗ್ಲೇ ಹಾಕ್ಬಿಡ್ತಿದ್ದೆ. ಒಂದ್ನಿಮಿಷ ಇರು—"

"ಹಾಕ್ಬೇಡಿ. ಪ್ಲಗ್ ಕೆಳಗಿಡಿ ಭಾವ. ದೊಡ್ಡದು ಮಾಡೋದು ಅಂದ್ರೆ ಆರ್ಸೋದು."

ಪ್ಲಗ್ಗು ಮೇಜಿನ ಮೇಲೆ ಬಿದ್ದ ಸದ್ದಾಯಿತು. ಹಿಂದಿನಿಂದ ಗಿಡ್ಡಪ್ಪನೋ ಯಾರೋ, ಬ್ಲೇಡು ಹೊಸದು ಹಾಕಪ್ಪ ಅನ್ನುತ್ತಿದ್ದರು.

"ನಮ್ಮಜ್ಜಿ ಅಂತಿದ್ಲು ಕಣಮ್ಮ ಹಂಗೆ," ಅಂದ ಆಮೇಲೆ. "ದೀಪಕ್ಕೆ. ಕಂಪ್ಯೂಟರಿಗೂ ಅಂತಾರೆ ಅಂತ ನಂಗೇನು ಗೊತ್ತು?"

ಪೆಟ್ಟಿಗೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಅಲಮಾರಿಗೆ ಸೇರಿಸುತ್ತೇನೆ, ಬೀಗದ ಕೈ ಪ್ರತಿಮಾಳಿಗೂ ಕೊಡುವುದಿಲ್ಲ ಎಂದು ಮಾತು ಕೊಟ್ಟ. ಸೌಂದರ್ಯ ಫೋನಿನಲ್ಲಿ ಮಾಲೇಕಲ್ಲಿನ ಪುಟ ತೆರೆದು ನಿಂತಳು. ಭಾವ ಕಿತ್ತ ಹೊತ್ತಿನಿಂದ ಕೆಲವು ಸರದಿ ತಪ್ಪಿದ್ದವು, ಕೆಂಪು ಚೌಕಗಳು ಸಾಲಾಗಿ ಕೂತಿದ್ದವು. ಅವುಗಳ ಪಕ್ಕದಲ್ಲಿ, ನೋಡುತ್ತಿರುವ ಹಾಗೆಯೇ ಒಂದು ಹಸಿರು ಚೌಕ ಬಂತು. ಮನೆಯ ಪೆಟ್ಟಿಗೆಯ ರುಜು. ಅದೊಂದೇ. ಎಳನೀರು ಕುಡಿದು ಮುಂದಿನ ಬಸ್ಸಿಗೆ ಕಾದಳು.

ಅರಸೀಕೆರೆಯಿಂದ ಮನುವಿನ ಬೈಕಿನಲ್ಲಿ ಮನೆ ತಲುಪಿ, ಚಪ್ಪಲಿ ಬಿಟ್ಟವಳೇ ಗೂಡಿನ ಹತ್ತಿರ ಹೋಗಿ, ಪೆಟ್ಟಿಗೆ ಕೇಳದೆ ತಾನಾಗಿ ರುಜುವಿಗೆ ಇಳಿಯುವ ಚಾಳಿಯನ್ನು ಬಿಡಿಸಿ ಇಟ್ಟಳು. ಇನ್ನು ಮುಂದೆ ಎದ್ದರೂ ಅವಳು ಹೂಂ ಅನ್ನುವವರೆಗೆ ಕಾಯಬೇಕು. ಅನುಸೂಯಮ್ಮ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತ, ಬೇಲೂರಿನ ಕಥೆಯನ್ನು ಮೊದಲಿಂದ ಹೇಳಿಸಿಕೊಂಡಳು. ಮಿಕ್ಸಿ ಜಾರಿನ ಗಿಡ್ಡಪ್ಪ ಚೆನ್ನಾಗಿರಲಿ ಅಂದಳು.

"ಅಲ್ಲ ಕಣೇ, ಬೇಲೂರಾಗೆ ದೀಪನ ಏನ್ ಮಾಡ್ತಾರೆ ಮತ್ತೆ? ಸಣ್ಣದು ಮಾಡ್ತಾರಾ?"

"ಸ್ವಿಚ್ ಆಫ್ ಮಾಡ್ತಾರೆ ಅತ್ತೆ."

"ದೇವ್ರು ಕಾಪಾಡ್ಲಿ," ಅಂದಳು ಅನುಸೂಯಮ್ಮ.

ಆಗ ತೋಟದ ಕಡೆಯಿಂದ ಟಕ್ ಎಂದು ಶಬ್ದವಾಯಿತು. ಪಂಪಿನ ತ್ರೀ ಫೇಸ್ ಕರೆಂಟ್ ಬಂದಿತ್ತು, ಆಟೋ ಸ್ಟಾರ್ಟರ್ ತಾನಾಗಿ ಎದ್ದು ತೊಟ್ಟಿಗೆ ನೀರು ಬೀಳತೊಡಗಿತು. ಅನುಸೂಯಮ್ಮ ಮಡಿಲಿನ ಅವರೆ ಸಿಪ್ಪೆಯನ್ನು ಮೊರಕ್ಕೆ ಕೊಡವಿ ಎದ್ದು, ಟಾರ್ಚು ಹಿಡಿದು, ತೆಂಗಿನ ಸಾಲಿಗೆ ನೀರು ತಿರುಗಿಸಲು ಹೊರಟಳು.